ನಿಂತ ಚಿತ್ರ ನಡೆಯುವ ಬಗೆ

ತೊಗಲುಗೊಂಬೆಯಾಟವನ್ನು ಕಂಡವರಿಗೆ ಅದರ ಕ್ರಮ ತಿಳಿದೇ ಇದೆ. ಪರದೆಯ ಹಿಂದೆ ದೀಪ. ದೀಪಕ್ಕೂ ಪರದೆಗೂ ನಡುವೆ ಬಣ್ಣದ ತೊಗಲಿನ ಗೊಂಬೆ. ಕಲಾವಿದರು ಅದನ್ನು ಕಡ್ಡಿಯಿಂದ ಆಡಿಸುತ್ತಾರೆ. 1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳ ಸೀಮೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆತದ್ದು ಈ ಕಲೆಗಾಗಿಯೇ.

ಇಲ್ಲಿ ಗೊಂಬೆ ನಿಜವಾಗಿಯೂ ಚಲಿಸುತ್ತದೆ. ಅನಿಮೇಷನ್ ಚಿತ್ರದಲ್ಲಾದರೋ ಪ್ರತಿಯೊಂದು ಚಿತ್ರವೂ ನಿಶ್ಚಲ. ಅಲ್ಪಸ್ವಲ್ಪ ಭೇದವುಳ್ಳ ಚಿತ್ರಗಳು ಸೆಕೆಂಡಿಗೆ 24ರಂತೆ ಕಣ್ಣ ಮುಂದೆ ಸುಳಿದಾಗ ನಮ್ಮ ಮಿದುಳು ಅವನ್ನು ಒಂದೇ ಅಖಂಡ ಚಲನೆಯೆಂದು ಗ್ರಹಿಸುವುದು. ಆ ಚಿತ್ರಗಳನ್ನು ಸಿದ್ಧಪಡಿಸುವ ವಿಧಾನಗಳಲ್ಲಿ ನಾಲ್ಕು ಮುಖ್ಯವಾದುವು.

ಮೊದಲನೆಯದು ಕೈಯಿಂದ ಬರೆಯುವುದು. ಹಿನ್ನೆಲೆಯನ್ನು ಒಮ್ಮೆ ಬರೆದಿಟ್ಟು, ಪಾತ್ರಗಳನ್ನು ಪಾರದರ್ಶಕ ಹಾಳೆಗಳ ಮೇಲೆ ಬರೆದು ಅದರ ಮೇಲಿಡುತ್ತಿದ್ದರು. ಒಂದೊಂದನ್ನು ಎರಡೆರಡು ಬಾರಿ ಸೆರೆಹಿಡಿದರೂ ಒಂದು ನಿಮಿಷಕ್ಕೆ 720 ಚಿತ್ರಗಳು ಬೇಕು! ಫಿಲ್ಮ್ಸ್ ಡಿವಿಜನ್ 1957ರಲ್ಲಿ ಹೊರತಂದ 'ದ ಬನಿಯನ್ ಡೀರ್' ಈ ಬಗೆಯದು.

ಎರಡನೆಯದು ಕತ್ತರಿಸಿದ ಕಾಗದದ ಗೊಂಬೆಗಳದು. ತೊಗಲುಗೊಂಬೆಗೆ ಸಮೀಪದ ಬಂಧು. ಕೀಲುಳ್ಳ ಕೈಕಾಲುಗಳನ್ನು ತುಸು ಸರಿಸಿ, ಕೈ ಹಿಂತೆಗೆದು, ಒಂದು ಚಿತ್ರ. ಮತ್ತೆ ತುಸು ಸರಿಸಿ ಇನ್ನೊಂದು. ಜರ್ಮನಿಯ ಲೊಟ್ಟೆ ರೈನಿಗರ್ ಎಂಬಾಕೆ ಹೀಗೆಯೇ 'ರಾಜಕುಮಾರ ಅಹಮದನ ಸಾಹಸಗಳು' ಎಂಬ ಛಾಯಾಚಿತ್ರವನ್ನು 1926ರಲ್ಲಿ ತೆರೆಗೆ ತಂದಳು.

ಮೂರನೆಯದು, ಜೇಡಿಮಣ್ಣಿನ ಬೊಂಬೆಯಂಥ ಘನವಸ್ತುಗಳನ್ನು ಇದೇ ರೀತಿ ಸರಿಸುವುದು. ದಾದಾಸಾಹೇಬ ಫಾಲ್ಕೆಯವರು 1910ರ ದಶಕದಲ್ಲಿಯೇ ಬೆಂಕಿಕಡ್ಡಿಗಳನ್ನು ಹೀಗೆ ಕುಣಿಸಿದ್ದರು.

ನಾಲ್ಕನೆಯದು ಕಂಪ್ಯೂಟರಿನದು. ಕಲಾವಿದ ಮುಖ್ಯ ಭಂಗಿಗಳನ್ನು ನಿಶ್ಚಯಿಸುತ್ತಾನೆ. ನಡುವಣ ಭಂಗಿಗಳನ್ನು ಯಂತ್ರವು ಗಣಿಸುತ್ತದೆ. ಪೂರ್ಣಾವಧಿಯ ಚಿತ್ರವೊಂದು ಸಂಪೂರ್ಣವಾಗಿ ಹೀಗೆ ಸಿದ್ಧವಾದದ್ದು 1995ರಲ್ಲಿ. ಅದೇ 'ಟಾಯ್ ಸ್ಟೋರಿ'.

ಹಾಗಾದರೆ ಕಲಾವಿದನ ಜಾಣ್ಮೆ ಎಲ್ಲಿದೆ? ಎರಡು ಚಿತ್ರಗಳ ನಡುವಣ ಅಂತರದಲ್ಲಿ. ಇದನ್ನು ಪರೀಕ್ಷಿಸಲು ದೊಡ್ಡ ಸ್ಟುಡಿಯೋ ಬೇಕಿಲ್ಲ. ಮಾನವಿಯಲ್ಲಾಗಲಿ ದೇವದುರ್ಗದಲ್ಲಾಗಲಿ ದೊರೆಯುವ ನೋಟುಪುಸ್ತಕ ಸಾಕು. ಎಂಟು ಹಾಳೆಗಳ ಅಂಚಿನಲ್ಲಿ ಒಂದು ಚೆಂಡನ್ನು ಕ್ರಮವಾಗಿ 7 ಮಿಲಿಮೀಟರಿನಷ್ಟು ಕೆಳಕೆಳಗೆ ಬರೆಯಿರಿ. ಮತ್ತೆಂಟು ಹಾಳೆಗಳಲ್ಲಿ ಅಂತರಗಳು 1, 3, 5, 7, 9, 11, 13 ಮಿಲಿಮೀಟರಿರಲಿ. ಎರಡೂ ಚೆಂಡುಗಳು ಇಳಿಯುವುದು 49 ಮಿಲಿಮೀಟರೇ. ಆದರೆ ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಟ್ಟು ನೋಡಿ: ಮೊದಲನೆಯದು ತೂಕವಿಲ್ಲದಂತೆ ಜಾರುವುದು, ಎರಡನೆಯದು ಬೀಳುವುದು. ಏಕೆಂದರೆ ಸಮಾನ ಕಾಲಾಂಶಗಳಲ್ಲಿ ಬೀಳುವ ವಸ್ತು ಕ್ರಮಿಸುವ ದೂರಗಳು ಈ ಬೆಸಸಂಖ್ಯೆಗಳ ಪ್ರಮಾಣದಲ್ಲಿವೆಯೆಂದು ಗೆಲಿಲಿಯೋ ಎಂದೋ ಕಂಡುಕೊಂಡಿದ್ದನು.