ಕುರಿಯ ರಕ್ತ ಮತ್ತು ಮನುಷ್ಯನ ಹೃದಯದ ಪಂಪು

ಹಂಪಸಾಗರದಿಂದ ಹಿಡಿದು ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳವರೆಗಿನ ಬಯಲುಸೀಮೆಯಲ್ಲಿ ಬಳ್ಳಾರಿ ತಳಿಯ ಕುರಿಯೆಂದರೆ ಮಾಂಸ, ಕಂಬಳಿಯ ಉಣ್ಣೆ ಮತ್ತು ಹೊಲದಲ್ಲಿ ಹಿಂಡು ನಿಲ್ಲಿಸಿದಾಗ ದೊರೆಯುವ ಗೊಬ್ಬರ. ಆದರೆ ಕುರಿಗೆ ವೈದ್ಯವಿಜ್ಞಾನದಲ್ಲಿಯೂ ಒಂದು ಸ್ಥಾನವಿದ್ದು, ಸೋತ ಹೃದಯಕ್ಕೆ ನೆರವಾಗುವ ಯಾಂತ್ರಿಕ ಪಂಪುಗಳನ್ನು ಮನುಷ್ಯನ ಎದೆಯೊಳಗೆ ಇಡುವ ಮೊದಲು, ಅವು ರಕ್ತವನ್ನು ಎಷ್ಟು ಕೆಡಿಸುತ್ತವೆ ಎಂಬುದನ್ನು ಕುರಿ, ಕರು, ಹಂದಿಗಳಲ್ಲಿ ಅಳೆದು ನೋಡಲಾಗುತ್ತದೆ. ಹೀಗೆ ಅಳೆದ ಅಂಕಿ ಮನುಷ್ಯನಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬ ಪ್ರಶ್ನೆಯ ಮೇಲೆ ರೋಗಿಯ ಪ್ರಾಣವೇ ನಿಂತಿದೆ.

1957ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ವಿಲೆಮ್ ಕೋಲ್ಫ್ ಮತ್ತು ಟೆಟ್ಸುಜೊ ಅಕುಟ್ಸು ಒಂದು ನಾಯಿಯನ್ನು ಕೃತಕ ಹೃದಯದ ಮೇಲೆ ಸುಮಾರು ಒಂದೂವರೆ ಗಂಟೆ ಬದುಕಿಸಿದ್ದರು. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ 2008ರಲ್ಲಿ ರೋಗಿಯೊಬ್ಬರ ಎಡ ಹೃತ್ಕುಕ್ಷಿಗೆ ನೆರವಾಗುವ ಪಂಪನ್ನು ಜೋಡಿಸಲಾಯಿತು. ಹಳೆಯ ಯಂತ್ರಗಳು ಹೃದಯದಂತೆಯೇ ಬಡಿಯುತ್ತಿದ್ದವು, ಇಂದಿನವು ತಿರುಗುತ್ತವೆ. ಹೊಲಕ್ಕೆ ನೀರೆತ್ತುವ ಪಂಪ್‌ಸೆಟ್ಟಿನಲ್ಲಿರುವಂತೆಯೇ ಇವುಗಳಲ್ಲೂ ಇಂಪೆಲರ್ ಎಂಬ ರೆಕ್ಕೆಗಳ ಚಕ್ರವಿದ್ದು, ಅದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ತೊಡೆಯ ರಕ್ತನಾಳದ ಮೂಲಕ ತೂರಿಸುವ ಇಂಪೆಲ್ಲಾ ಪಂಪಿನ ಕೆಲವು ಮಾದರಿಗಳಲ್ಲಿ ಈ ವೇಗ 40,000 ಸುತ್ತುಗಳನ್ನೂ ಮೀರುತ್ತದೆ. ರೆಕ್ಕೆಗೂ ಕವಚಕ್ಕೂ ನಡುವಿನ ಕಿರುಸಂದಿಯಲ್ಲಿ ರಕ್ತದ ಒಂದು ಪದರ ನಿಂತಂತಿದ್ದರೆ ಪಕ್ಕದ ಪದರ ಅತಿವೇಗದಿಂದ ಜಾರುತ್ತಿರುತ್ತದೆ, ಮತ್ತು ಹೀಗೆ ಪದರಗಳು ಒಂದನ್ನೊಂದು ಉಜ್ಜಿ ಎಳೆಯುವ ಬಲವೇ ಷಿಯರ್ ಒತ್ತಡ. ಆರೋಗ್ಯವಂತ ಅಪಧಮನಿಯ ಗೋಡೆಯ ಬಳಿ ಅದು ಕೆಲವೇ ಪಾಸ್ಕಲ್‌ಗಳಷ್ಟಿದ್ದರೆ, ಪಂಪಿನ ಸಂದಿಯಲ್ಲಿ ಕೆಲವು ಮಿಲಿಸೆಕೆಂಡುಗಳ ಮಟ್ಟಿಗೆ ನೂರಾರು ಪಾಸ್ಕಲ್‌ಗಳಿಗೆ ಏರಬಲ್ಲದು.

ಆ ಎಳೆತಕ್ಕೆ ಕೆಂಪು ರಕ್ತಕಣದ ಪೊರೆ ಹರಿದರೆ ಅಥವಾ ಅದರಲ್ಲಿ ರಂಧ್ರಗಳು ತೆರೆದರೆ ಒಳಗಿನ ಹಿಮೋಗ್ಲೋಬಿನ್ ಹೊರಬಿದ್ದು, ರಕ್ತನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಹೀರಿಕೊಂಡು, ಮೂತ್ರಪಿಂಡಗಳಿಗೂ ಹಾನಿ ಮಾಡುತ್ತದೆ. ಕಣಗಳಷ್ಟೇ ಅಲ್ಲ, ಗಾಯವಾದಾಗ ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುವ ವಾನ್ ವಿಲ್ಲೆಬ್ರಾಂಡ್ ಅಂಶವೆಂಬ ಉದ್ದನೆಯ ಪ್ರೋಟೀನೂ ಈ ಒತ್ತಡದಲ್ಲಿ ಬಿಚ್ಚಿಕೊಂಡು ತುಂಡಾಗುವುದರಿಂದ, ಪಂಪು ಹೊತ್ತ ಹಲವು ರೋಗಿಗಳಿಗೆ ಕರುಳಿನಲ್ಲಿ ರಕ್ತಸ್ರಾವವಾಗುತ್ತದೆ.

ಇನ್ನು ರಕ್ತಗಳ ನಡುವಿನ ಅಂತರವನ್ನು ನೋಡಬೇಕು. ಮನುಷ್ಯನ ಕೆಂಪು ಕಣದ ಅಗಲ ಏಳೆಂಟು ಮೈಕ್ರೊಮೀಟರ್, ಎಂದರೆ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಏಳೆಂಟು ಭಾಗ. ಕುರಿಯದು ಸುಮಾರು ನಾಲ್ಕೂವರೆ, ಆಡಿನದು ಮೂರರ ಆಸುಪಾಸು. ಗಾತ್ರ ಕುಗ್ಗಿದಂತೆ ಸಂಖ್ಯೆ ಬೆಳೆಯುವುದರಿಂದ, ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಮನುಷ್ಯನಿಗೆ 50 ಲಕ್ಷದಷ್ಟು ಕಣಗಳಿದ್ದರೆ ಕುರಿಗೆ 90 ಲಕ್ಷದಿಂದ ಒಂದೂವರೆ ಕೋಟಿಯವರೆಗೆ ಇರುತ್ತವೆ. ಪೊರೆಯ ಕೊಬ್ಬಿನ ರಚನೆಯೂ ಬೇರೆ: ಮನುಷ್ಯನ ಕಣದಲ್ಲಿ ಹೇರಳವಾಗಿರುವ ಫಾಸ್ಫಟಿಡೈಲ್‌ಕೋಲೀನ್ ಕುರಿಯ ಕಣದಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿದ್ದು, ಅದರ ಜಾಗವನ್ನು ಸ್ಫಿಂಗೊಮೈಲಿನ್ ತುಂಬಿದೆ. ಚಿಕ್ಕ ಕಣ ಗಟ್ಟಿಯಾಗಿರಬೇಕೆಂದು ಊಹಿಸುವುದು ಸುಲಭವಾದರೂ ಅದು ಸರಿಯಲ್ಲ. ಉಪ್ಪಿನಂಶ ಕಡಿಮೆಯಿರುವ ನೀರಿನಲ್ಲಿ ಹಾಕಿದಾಗ ಆಡಿನ ಕಣಗಳು ಮನುಷ್ಯನ ಕಣಗಳಿಗಿಂತ ಬೇಗ ಒಡೆಯುತ್ತವೆ. ನೀರು ಕುಡಿದು ಉಬ್ಬಿ ಒಡೆಯುವುದು ಬೇರೆ, ಎಳೆತಕ್ಕೆ ಹರಿಯುವುದು ಬೇರೆ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಗಾಜಿನ ನಳಿಕೆಯಲ್ಲಿಯೂ ಈ ಭೇದ ಕಣ್ಣಿಗೆ ಕಾಣುತ್ತದೆ. ಹೆಪ್ಪುಗಟ್ಟದಂತೆ ಮಾಡಿ ನಿಲ್ಲಿಸಿಟ್ಟ ಕುದುರೆಯ ರಕ್ತದಲ್ಲಿ ಕಣಗಳು ಒಂದರ ಮೇಲೊಂದು ಅಂಟಿ ಬೇಗನೆ ತಳಕ್ಕಿಳಿದರೆ, ಕುರಿಯ ರಕ್ತದಲ್ಲಿ ಅವು ಒಂದಕ್ಕೊಂದು ಅಂಟುವುದೇ ಅಪರೂಪವಾದ್ದರಿಂದ ಗಂಟೆಗಳು ಕಳೆದರೂ ಹೆಚ್ಚೇನೂ ಇಳಿಯುವುದಿಲ್ಲ. ಕಣಗಳನ್ನು ಬೇರ್ಪಡಿಸಿದಾಗ ಮೇಲೆ ಉಳಿಯುವ ರಕ್ತರಸ ದನದಲ್ಲಿ ಹಳದಿ, ಕುರಿಯಲ್ಲಿ ಬಹುತೇಕ ಬಣ್ಣವಿಲ್ಲದ್ದು. ಪಂಪು ಕಣಗಳನ್ನು ಒಡೆದಿದ್ದರೆ ಅದೇ ರಸ ನಸುಗೆಂಪಾಗುತ್ತದೆ, ಮತ್ತು ಆ ಕೆಂಪಿನ ಪ್ರಮಾಣವೇ ಹಾನಿಯ ಅಳತೆ. ಜೀವಂತ ಪ್ರಾಣಿಯಲ್ಲಾದರೆ ಇನ್ನೊಂದು ತೊಡಕಿದೆ. ಹೊರಬಿದ್ದ ಹಿಮೋಗ್ಲೋಬಿನನ್ನು ಹಿಡಿದು ಸಾಗಿಸುವ ಹ್ಯಾಪ್ಟೊಗ್ಲೋಬಿನ್ ಮನುಷ್ಯನ ರಕ್ತದಲ್ಲಿ ಸದಾ ಇದ್ದು, ಆರೋಗ್ಯವಂತ ದನ ಕುರಿಗಳಲ್ಲಿ ಅತ್ಯಲ್ಪವಾಗಿದ್ದು ಉರಿಯೂತವಾದಾಗ ಮಾತ್ರ ಏರುವುದರಿಂದ, ಎರಡೂ ಕಡೆ ಅಷ್ಟೇ ಕಣಗಳು ಒಡೆದರೂ ರಸದಲ್ಲಿ ಉಳಿಯುವ ಅಂಕಿ ಒಂದೇ ಆಗಿರಬೇಕೆಂದಿಲ್ಲ.

ಈ ಭೇದ ವಿನ್ಯಾಸಕಾರರ ಲೆಕ್ಕದೊಳಗೂ ನುಸುಳಿದೆ. ಕಂಪ್ಯೂಟರಿನಲ್ಲಿ ಪಂಪಿನ ಹಾನಿಯನ್ನು ಮುಂಗಾಣಲು ಬಳಸುವ ಸೂತ್ರಗಳಲ್ಲಿ 1980ರ ಒಂದು ಪ್ರಸಿದ್ಧ ಅಳತೆ ಹಂದಿಯ ರಕ್ತದ್ದು, 1990ರ ಇನ್ನೊಂದು ಮನುಷ್ಯನ ರಕ್ತದ್ದು. ಒತ್ತಡ ಇಮ್ಮಡಿಯಾದರೆ ಮೊದಲನೆಯದರ ಪ್ರಕಾರ ಹಾನಿ ಸುಮಾರು ನಾಲ್ಕು ಪಟ್ಟು, ಎರಡನೆಯದರ ಪ್ರಕಾರ ಐದು ಪಟ್ಟಿಗೂ ಮೇಲೆ. ಯಾವ ಪ್ರಾಣಿಯ ರಕ್ತವೆಂದು ಹೇಳದೆ ಮುಂದಿಟ್ಟ ಅಂಕಿಯನ್ನು ಆದ್ದರಿಂದ ಅರ್ಧ ಅಂಕಿಯೆಂದೇ ಎಣಿಸಬೇಕು.

ಕಾನ್ಪುರದ ಐಐಟಿ 2022ರಲ್ಲಿ ಹೃದ್ಯಂತ್ರವೆಂಬ ಯೋಜನೆಯಡಿ ದೇಶೀಯ ಪಂಪಿನ ಕೆಲಸ ಕೈಗೊಂಡಿರುವಾಗ, ಈ ಎಚ್ಚರ ಭಾರತಕ್ಕೆ ದೂರದ ಮಾತಲ್ಲ. ಪ್ರಾಣಿಗಳ ಪರೀಕ್ಷೆಯ ಜೊತೆಗೆ ಅದೇ ಪಂಪಿನಲ್ಲಿ ಮನುಷ್ಯರ ರಕ್ತವನ್ನೂ ಹರಿಸಿ ಹೋಲಿಸುವುದು ಅಗತ್ಯ. ರಕ್ತನಿಧಿಯಲ್ಲಿ ಶೀತಲವಾಗಿ 42 ದಿನಗಳವರೆಗೂ ಇಡಬಹುದಾದ ಕೆಂಪು ಕಣಗಳು ಬಾಗುವ ಗುಣವನ್ನು ದಿನೇ ದಿನೇ ಕಳೆದುಕೊಳ್ಳುವುದರಿಂದ, ಆ ರಕ್ತವೂ ಹೊಸದಾಗಿ ದಾನ ಪಡೆದದ್ದೇ ಆಗಿರಬೇಕು.