ಗಣಿಗಿಂತ ಮೊದಲು ಬಂದ ಹೋಟೆಲು

ನಾರ್ವೆಯ ಉತ್ತರ ತುದಿಗೂ ಉತ್ತರ ಧ್ರುವಕ್ಕೂ ನಡುವೆ ಸ್ವಾಲ್‌ಬಾರ್ಡ್ ದ್ವೀಪಸಮೂಹವಿದೆ. ಅದರಲ್ಲಿ ದೊಡ್ಡದು ಸ್ಪಿಟ್ಸ್‌ಬರ್ಗನ್. ಇಂದಿನ ಊರುಗಳು ತಲೆಯೆತ್ತುವ ಮೊದಲೇ ಈ ದ್ವೀಪಕ್ಕೆ ಪ್ರವಾಸಿಗರು ಬಂದಿದ್ದರು. 1596ರಲ್ಲಿ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್ ಇದನ್ನು ಕಂಡ ಮೇಲೆ ಬಹುಕಾಲ ಇಲ್ಲಿಗೆ ಬರುತ್ತಿದ್ದವರು ತಿಮಿಂಗಿಲ, ವಾಲ್ರಸ್‌ಗಳ ಬೇಟೆಗಾರರು. ಬರೀ ನೋಡುವ ಹಂಬಲದಿಂದ ಬಂದವರಲ್ಲಿ ಹೆಸರಾದವನು ಲಾರ್ಡ್ ಡಫರಿನ್. 1856ರಲ್ಲಿ 'ಫೋಮ್' ಎಂಬ ಹಾಯಿಹಡಗಿನಲ್ಲಿ ಇಲ್ಲಿಗೆ ಬಂದು ಹೋದ ಆತ ಮರುವರ್ಷವೇ ಪ್ರವಾಸದ ಪುಸ್ತಕ ಹೊರತಂದ. ಮುಂದೆ 1884ರಲ್ಲಿ ಭಾರತದ ವೈಸರಾಯ್ ಆದವನೂ ಇದೇ ಡಫರಿನ್.

ಪ್ರವಾಸ ಒಂದು ವ್ಯವಹಾರವಾದದ್ದು 1896ರ ಬೇಸಿಗೆಯಲ್ಲಿ. ನಾರ್ವೆಯ ಕರಾವಳಿ ಹಡಗು ಕಂಪನಿಯೊಂದು ಹಮ್ಮರ್‌ಫೆಸ್ಟ್‌ನಿಂದ ವಾರಕ್ಕೊಮ್ಮೆ ಹಡಗು ಹೊರಡಿಸಿ, ಆಡ್ವೆಂಟ್ ಕೊಲ್ಲಿಯ ದಡದಲ್ಲಿ ಮರದ ಹೋಟೆಲು ಕಟ್ಟಿತು. ರಾತ್ರಿಯೇ ಇಲ್ಲದ ಬೇಸಿಗೆಯಲ್ಲಿ ಬೇಟೆಯಾಡಲು, ಹಿಮನದಿ ನೋಡಲು ಯುರೋಪಿನ ಸಿರಿವಂತರು ಬಂದಿಳಿದರು. ಕೆಲವೇ ಬೇಸಿಗೆಗಳಲ್ಲಿ ಆ ಹೋಟೆಲು ಮುಚ್ಚಿಹೋಯಿತು. ಆ ಕೊಲ್ಲಿಯ ಭೂಚಾಚಿಗೆ ಇಂದಿಗೂ 'ಹೋಟೆಲ್‌ನೆಸೆಟ್' ಎಂದೇ ಹೆಸರು.

ಅದೇ ಬೇಸಿಗೆ ಮಾರ್ಟಿನ್ ಕಾನ್ವೇ ಇಲ್ಲಿಂದ ನಡೆದು ದ್ವೀಪ ದಾಟಿದ. 1892ರಲ್ಲೇ ಕಾರಾಕೋರಂನ ಹಿಮನದಿಗಳನ್ನು ಸುತ್ತಿಬಂದಿದ್ದ ಈ ಪರ್ವತಾರೋಹಿ ಸಣ್ಣ ತಳಿಯ ಕುದುರೆಗಳಿಗೆ ಜಾರುಬಂಡಿ ಕಟ್ಟಿಸಿ ಪೂರ್ವ ಕರಾವಳಿಯತ್ತ ಹೊರಟ. ತೊಂದರೆ ಕೊಟ್ಟದ್ದು ಹಿಮವಲ್ಲ, ಕೆಸರು. ಇಲ್ಲಿ ನೆಲದಾಳ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಪದರವಷ್ಟೇ ಕರಗುತ್ತದೆ, ಆ ನೀರು ಕೆಳಗೆ ಇಂಗಲು ದಾರಿಯಿಲ್ಲ. ಕುದುರೆಗಳು ಹೂತುಹೋಗುತ್ತಿದ್ದವು, ಸಾಮಾನು ಇಳಿಸಿ ಅವನ್ನು ಎಳೆದು ಮೇಲೆತ್ತಬೇಕಾಗುತ್ತಿತ್ತು. ಸ್ಪಿಟ್ಸ್‌ಬರ್ಗನ್‌ನ ಒಳನಾಡನ್ನು ಕಾನ್ವೇ 1897ರ ತನ್ನ ಪುಸ್ತಕದಲ್ಲಿ ಓದುಗರಿಗೆ ಪರಿಚಯಿಸಿದ.

ವಾಯವ್ಯ ಮೂಲೆಯ ಡೇನ್ಸ್ ದ್ವೀಪದಲ್ಲಿ ಆಗ ಇನ್ನೊಂದು ಆಕರ್ಷಣೆಯಿತ್ತು. ಸ್ವೀಡನ್ನಿನ ಎಸ್. ಎ. ಆಂಡ್ರೇ ಜಲಜನಕ ತುಂಬಿದ ಬಲೂನಿನಲ್ಲಿ ಧ್ರುವ ಸೇರುವ ಹಟ ತೊಟ್ಟಿದ್ದ. 1896ರಲ್ಲಿ ಅನುಕೂಲದ ಗಾಳಿ ಬೀಸಲಿಲ್ಲ. 1897ರ ಜುಲೈ 11ರಂದು ಇಬ್ಬರು ಜೊತೆಗಾರರೊಡನೆ ಮೇಲೇರಿದವನು ಮರಳಲಿಲ್ಲ. ಮೂವರ ಅವಶೇಷ ಕ್ವಿಟೋಯಾ ದ್ವೀಪದಲ್ಲಿ ಸಿಕ್ಕಿದ್ದು 1930ರಲ್ಲಿ. ಅವರು ಬಿಟ್ಟುಹೋದ ಬಲೂನು ಮನೆಯ ಮರ, ಜಲಜನಕ ತಯಾರಿಕೆಯ ತುಕ್ಕು ಹಿಡಿದ ಕಬ್ಬಿಣ, ಒಡೆದ ಜಾಡಿಚೂರುಗಳು ಡೇನ್ಸ್ ದ್ವೀಪದ ವಿರ್ಗೋಹಾಮ್ನಾದ ನೆಲದ ಮೇಲೇ ಬಿದ್ದಿದ್ದವು. ಪ್ರವಾಸಿಗರು ನೆನಪಿಗೆಂದು ಒಬ್ಬೊಬ್ಬರು ಒಂದೊಂದು ಚೂರು ಎತ್ತಿಕೊಂಡು ಹೋದದ್ದು, ಉಳಿದದ್ದನ್ನು ತುಳಿದು ಪುಡಿಮಾಡಿದ್ದು ಕ್ಷಮಿಸಲಾಗದ ನಷ್ಟ. ಈಗ ಅಲ್ಲಿಗೆ ಕಾಲಿಡಲು ಸ್ವಾಲ್‌ಬಾರ್ಡ್‌ನ ರಾಜ್ಯಪಾಲರ ಅನುಮತಿ ಬೇಕು. 1946ಕ್ಕಿಂತ ಹಿಂದಿನ ಮಾನವ ಕುರುಹುಗಳೆಲ್ಲ ಕಾನೂನಿನ ರಕ್ಷಣೆಯಲ್ಲಿವೆ. ಈ ಕಾವಲು ಬಹಳ ತಡವಾಗಿ ಬಂತು.

1901ರಲ್ಲಿ ಕುಟುಂಬದೊಂದಿಗೆ ವಿಹಾರ ಹಡಗಿನಲ್ಲಿ ಬಂದ ಅಮೆರಿಕದ ಉದ್ಯಮಿ ಜಾನ್ ಮನ್ರೋ ಲಾಂಗ್‌ಇಯರ್ ಕಣ್ಣಿಗೆ ಕಲ್ಲಿದ್ದಲು ಬಿತ್ತು. 1906ರಲ್ಲಿ ಕಂಪನಿ ಹುಟ್ಟಿತು, ಗಣಿ ಶುರುವಾಯಿತು, ಇಂದಿನ ಲಾಂಗ್‌ಇಯರ್‌ಬ್ಯೂನ್ ಊರಿಗೆ ಅಡಿಪಾಯ ಬಿತ್ತು. 1920ರ ಒಪ್ಪಂದ 1925ರಲ್ಲಿ ಜಾರಿಗೆ ಬಂದು ದ್ವೀಪಗಳು ನಾರ್ವೆಗೆ ಸೇರಿದವು. ಮುಂದಿನ ದಶಕಗಳಲ್ಲಿ ಇಲ್ಲಿ ಕಲ್ಲಿದ್ದಲಿನದೇ ದರ್ಬಾರು.

1975ರಲ್ಲಿ ಹೋಟೆಲ್‌ನೆಸೆಟ್ ಬಳಿಯೇ ವಿಮಾನ ನಿಲ್ದಾಣ ತೆರೆದ ಮೇಲೆ ವರ್ಷವಿಡೀ ಬರುವ ದಾರಿ ಸಿಕ್ಕಿತು. ಚಳಿಗಾಲದ ಕೊನೆಗೆ ನಾಯಿಬಂಡಿ, ಹಿಮಸ್ಕೂಟರ್. ಬೇಸಿಗೆಗೆ ದೋಣಿ, ಚಾರಣ. ಊರಿನ ಗಡಿ ದಾಟುವವರ ಬಳಿ ಹಿಮಕರಡಿಯನ್ನು ಬೆದರಿಸಿ ಓಡಿಸುವ ಸಾಧನ ಇರಲೇಬೇಕು. ಮಾರ್ಗದರ್ಶಕರು ಹೆಗಲಿಗೆ ಬಂದೂಕು ಹಾಕಿಕೊಂಡೇ ಹೊರಡುತ್ತಾರೆ. 2025ರಿಂದ ನಿಯಮ ಇನ್ನಷ್ಟು ಬಿಗಿ: ಹಿಮಕರಡಿಯಿಂದ 300 ಮೀಟರ್ ದೂರ, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್, ಸಂರಕ್ಷಿತ ಪ್ರದೇಶಕ್ಕೆ ಬರುವ ಹಡಗಿನಲ್ಲಿ 200ಕ್ಕಿಂತ ಹೆಚ್ಚು ಪ್ರಯಾಣಿಕರು ಇರುವಂತಿಲ್ಲ. ಅದೇ ವರ್ಷ ಇಲ್ಲಿ ನಾರ್ವೆಯ ಕೊನೆಯ ಕಲ್ಲಿದ್ದಲು ಗಣಿಯೂ ಮುಚ್ಚಿತು.