ಆರೋಗ್ಯ ದಾಖಲೆಗಳ ಪ್ರಯೋಗ-ಸರ್ವರ್: ಕೋಲಾರ ಸೀಮೆಯ ನಿದರ್ಶನ

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ತುಂಬಿದವರ ಮೆದುಳಿನ ಆರೋಗ್ಯವನ್ನು ಮರುಮರಳಿ ಪರೀಕ್ಷಿಸುವ ದೀರ್ಘಕಾಲದ ಅಧ್ಯಯನವೊಂದು 2018ರಲ್ಲಿ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರವು ಇದಕ್ಕೆ 10,000 ಜನರ ಗುರಿಯನ್ನಿಟ್ಟುಕೊಂಡಿತು. ಇಂಥ ಕಾರ್ಯಗಳಲ್ಲೆಲ್ಲ ವೈದ್ಯಕ್ಕಿಂತ ಮೊದಲು ಏಳುವ ಪ್ರಶ್ನೆಯೊಂದುಂಟು: ಹಿಂದಿನ ಸಲ ಬಂದಿದ್ದ ಮುನಿವೆಂಕಟಪ್ಪನವರೇ ಈ ಸಲವೂ ಬಂದಿರುವರೆಂದು ದಾಖಲೆಗೆ ತಿಳಿಯುವುದೆಂತು? ಯಾವ ರೋಗಿಯ ಗುಟ್ಟನ್ನೂ ಮುಟ್ಟದೆ, ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಈ ಪ್ರಶ್ನೆಯನ್ನು ಪರಿಶೀಲಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. (ಮುನಿವೆಂಕಟಪ್ಪನವರು ಕಲ್ಪಿತ ವ್ಯಕ್ತಿ; ಹಾಗಿರುವುದೇ ಯೋಗ್ಯ.)

ಆರೋಗ್ಯದ ದಾಖಲೆಗಳು ಒಂದು ಯಂತ್ರದಿಂದ ಮತ್ತೊಂದಕ್ಕೆ ಅರ್ಥಗೆಡದಂತೆ ಸಾಗಲೆಂದು ಎಚ್‌ಎಲ್ 7 ಸಂಸ್ಥೆಯು ರೂಪಿಸಿದ ನಿಯಮಾವಳಿಗೆ ‘ಫೈರ್’ ಎಂದು ಹೆಸರು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಂಗೀಕರಿಸಿರುವುದು ಇದರ ನಾಲ್ಕನೆಯ ಆವೃತ್ತಿಯನ್ನು. ರೋಗಿಗೊಂದು ನಮೂನೆ, ಭೇಟಿಗೊಂದು ನಮೂನೆ, ರಕ್ತದೊತ್ತಡದಂಥ ಅಳತೆಗೊಂದು ನಮೂನೆ. ಒಂದು ಮತ್ತೊಂದನ್ನು ಹೆಸರಿಸುತ್ತ ಹೋಗುತ್ತದೆ.

ಈ ನಿಯಮಗಳನ್ನು ಪಾಲಿಸುವ ‘ಹ್ಯಾಪಿ’ ಎಂಬ ಸರ್ವರ್ ಕೆನಡಾದಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ. ಡಾಕರ್ ಇರುವ ಸಾಧಾರಣ ಗಣಕಯಂತ್ರದಲ್ಲಿ ಇದರ ಸಿದ್ಧಪ್ರತಿಯನ್ನು ತರಿಸಿ, 8080ನೆಯ ಪೋರ್ಟಿನಲ್ಲಿ ನಡೆಸಿದರೆ ಸಾಕು. ಆದರೆ ಮೊದಲ ಸ್ಥಿತಿಯಲ್ಲಿ ದಾಖಲೆಗಳು ಯಂತ್ರದ ಸ್ಮೃತಿಯಲ್ಲಿ ಮಾತ್ರ ಇರುವುದರಿಂದ, ನಿಲ್ಲಿಸಿದೊಡನೆ ಅಳಿದುಹೋಗುತ್ತವೆ. ಉಳಿಯಬೇಕಾದರೆ ಪೋಸ್ಟ್‌ಗ್ರೆಸ್ ಜೋಡಿಸತಕ್ಕದ್ದು. ಅದು ಯಾರಿಂದಲೂ ಗುರುತಿನ ಪದವನ್ನು ಕೇಳುವುದಿಲ್ಲ. ಆದಕಾರಣ ಸ್ವಂತ ಯಂತ್ರದ ಹೊರಗೆ ಅದಕ್ಕೆ ದಾರಿ ಬಿಡಬಾರದು.

ಕಷ್ಟವಿರುವುದು ಇದರ ಮುಂದೆ. ಕಲ್ಪಿತ ರೋಗಿಗಳನ್ನು ಸೃಷ್ಟಿಸುವ ‘ಸಿಂಥಿಯಾ’ ಎಂಬ ಸಾಧನವುಂಟಾದರೂ, ಅದು ಸಹಜವಾಗಿ ಹುಟ್ಟಿಸುವವರು ಅಮೆರಿಕದ ಮ್ಯಾಸಚೂಸೆಟ್ಸಿನ ಜನ. ಅವರಿಗೆಲ್ಲ ಕುಲನಾಮವುಂಟು, ಹುಟ್ಟಿದ ದಿನವುಂಟು. ನಮ್ಮ ವೃದ್ಧರಲ್ಲಿ ಅನೇಕರಿಗೆ ವರ್ಷವೂ ಅಂದಾಜಿನದು. ಫೈರ್ ನಿಯಮದಂತೆ ಜನ್ಮದಿನದ ಸ್ಥಾನದಲ್ಲಿ 1958 ಎಂದಷ್ಟೇ ಬರೆಯಬಹುದು. ಆದರೆ ದಿನವನ್ನು ಬೇಡುವ ಪರದೆಯನ್ನು ನಾವೇ ರಚಿಸಿ, ಗುಮಾಸ್ತನ ಕೈಯಿಂದ ಜನವರಿ 1 ಎಂದು ಬರೆಯಿಸುತ್ತೇವೆ. ಶಾಲಾ ದಾಖಲೆಗಳಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿಯೆಂಬುದು ಅಧ್ಯಾಪಕರಿಗೆ ಗೊತ್ತೇ ಇದೆ. ನೆನಪಿನ ಶಕ್ತಿಯನ್ನು ವಯಸ್ಸಿಗೆ ಹೋಲಿಸಿ ಅಳೆಯುವಲ್ಲಿ ಇಂಥ ಸುಳ್ಳು ನಿಖರತೆ ನಿರಪಾಯಕರವಲ್ಲ.

ಹೆಸರಿನ ವಿಷಯವೂ ಹೀಗೆಯೇ. ಕನ್ನಡದಲ್ಲಿ ಬರೆದ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿದವರಿಗೆ ತಾನಾಗಿ ಸಿಕ್ಕುವುದಿಲ್ಲ. ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಹೆಸರುಗಳನ್ನು ಬರೆಯಲು ಅವಕಾಶವಿರುವುದರಿಂದ ಎರಡನ್ನೂ ದಾಖಲಿಸಬೇಕು. ಒಂದೇ ದಾಖಲೆಯನ್ನು ಎರಡು ಬಾರಿ ಕಳುಹಿಸಿದರೆ ಸರ್ವರ್ ಇಬ್ಬರು ಮುನಿವೆಂಕಟಪ್ಪನವರನ್ನು ಹುಟ್ಟಿಸುತ್ತದೆ. ‘ಈ ಗುರುತಿನ ಸಂಖ್ಯೆಯವರು ಈಗಾಗಲೇ ಇಲ್ಲದಿದ್ದರೆ ಮಾತ್ರ ಸೇರಿಸು’ ಎಂಬ ಷರತ್ತನ್ನು ಜೊತೆಗೆ ಕಳುಹಿಸುವುದನ್ನು ವಿದ್ಯಾರ್ಥಿಗಳು ಮೊದಲ ದಿನವೇ ಅಭ್ಯಾಸ ಮಾಡುವುದು ಒಳ್ಳೆಯದು.

ವಿಳಾಸದ ನಮೂನೆಯಲ್ಲಿ ಊರು, ಜಿಲ್ಲೆ, ರಾಜ್ಯಗಳಿಗೆ ಸ್ಥಾನವುಂಟು, ತಾಲ್ಲೂಕಿಗೆ ಇಲ್ಲ. ‘ಮಾಲೂರು’ ಎಂದು ಬರೆದರೆ ಅದು ಪಟ್ಟಣವೋ ತಾಲ್ಲೂಕೋ ತಿಳಿಯದು. ಮುಳಬಾಗಿಲು, ಶ್ರೀನಿವಾಸಪುರ, ಕೋಲಾರಗಳ ಪಾಡೂ ಇದೇ. ಈ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಹಲ್ಲು ಕಂದಿದ ಮಗುವಿನ ದಾಖಲೆಯಿಂದ ಅದು ಕುಡಿದ ನೀರಿನ ಬಾವಿಯವರೆಗೆ ಹೋಗಬೇಕಾದರೆ ಹಳ್ಳಿಯ ಹೆಸರೂ ತಾಲ್ಲೂಕಿನ ಹೆಸರೂ ಬೇರೆಬೇರೆಯಾಗಿ ಉಳಿದಿರಬೇಕು. ಫೈರ್ ಇದಕ್ಕಾಗಿ ‘ವಿಸ್ತರಣೆ’ಯೆಂಬ ಹೆಚ್ಚಿನ ಸ್ಥಾನವನ್ನು ಅನುಮತಿಸುತ್ತದೆ, ಅದನ್ನು ನಾಲ್ಕು ತಾಲ್ಲೂಕುಗಳ ಕಲ್ಪಿತ ದಾಖಲೆಗಳ ಮೇಲೆ ಹೂಡಿ, ಹಾಕಿದ್ದು ಹುಡುಕಿದಾಗ ಮರಳಿ ಬರುವುದೇ ಎಂದು ನೋಡಬಹುದು.